ವಿಜ್ಞಾನಸಭೆಗಳಲ್ಲಿ ಸದಾಚಾರ



ವಾಕ್ಯಾರ್ಥಸಭೆಯೆಂದರೆ ಏನೆಂಬದನ್ನು ಇಲ್ಲಿ ನೆರೆದವರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಉತ್ಸವಕಾಲದಲ್ಲಿ ನಾಲ್ಕೂ ಕಡೆಯ ಪಂಡಿತರು ಬಂದು ಕೂಡುವರು. ಒಬ್ಬರು ಪೂರ್ವಪಕ್ಷವನ್ನು ಹೂಡುವರು, ಮತ್ತೊಬ್ಬರು ಅದನ್ನು ಖಂಡಿಸುವರು, ಮಧ್ಯಸ್ಥರು ಎರಡನ್ನೂ ತೂಗಿ ನೋಡುವರು. ಎಳೆಯ ವಿದ್ಯಾರ್ಥಿಗಳು ಕಂಬದ ಮರೆಯಲ್ಲಿ ಕುಳಿತು ಕಿವಿಗೊಟ್ಟು ಕೇಳುವರು. ಅವರಿಗೆ ಶಾಸ್ತ್ರಾರ್ಥವು ಎಷ್ಟು ತಿಳಿಯಿತೋ ಎಷ್ಟು ಬಿಟ್ಟಿತೋ. ಹಿರಿಯರು ಹೇಗೆ ಮಾತನಾಡಿದರು, ಸೋತವರು ಹೇಗೆ ಎದ್ದು ಹೋದರು, ಗೆದ್ದವರು ಹೇಗೆ ನಕ್ಕರು ಎಂಬದು ಮಾತ್ರ ಜನ್ಮಪರ್ಯಂತ ನೆನಪಿನಲ್ಲಿರುವದು. ಈಗ ಭಕ್ತರ ಮನೆಯ ಮಕ್ಕಳು ಬಹುಮಂದಿ ಭೌತಶಾಸ್ತ್ರವನ್ನೂ ರಸಾಯನಶಾಸ್ತ್ರವನ್ನೂ ಜೀವಶಾಸ್ತ್ರವನ್ನೂ ಓದಿ, ಬೆಂಗಳೂರಿನಲ್ಲಿಯೂ ಸಮುದ್ರದಾಚೆಯ ದೇಶಗಳಲ್ಲಿಯೂ ಸಂಶೋಧನೆಯಲ್ಲಿ ತೊಡಗಿರುವರು. ಅವರೂ ಕಾಲಕಾಲಕ್ಕೆ ಸಮ್ಮೇಳನಗಳಿಗೆ ಹೋಗುವರು. ಅಲ್ಲಿ ಶಾಲು ಸಂಭಾವನೆಗಳಿಲ್ಲದಿರಬಹುದು, ಮಧ್ಯಸ್ಥರ ಬದಲು ಅಧ್ಯಕ್ಷರು ಕುಳಿತಿರಬಹುದು. ಸಭೆಯು ಮಾತ್ರ ಸಭೆಯೇ. ಅಲ್ಲಿಯ ನಡೆನುಡಿಗಳು ಹೇಗಿರಬೇಕು, ತಪ್ಪಿದರೆ ಯಾರಿಗೆ ಏನು ಹಾನಿ ಎಂಬದನ್ನು ವಿಚಾರಿಸುವದು ಈ ಉಪನ್ಯಾಸದ ಉದ್ದೇಶವು.

ಈ ಪ್ರಶ್ನೆಯು ಪಾಶ್ಚಾತ್ಯರಿಂದ ಬಂದ ನೂತನ ಪ್ರಶ್ನೆಯೆಂದು ತಿಳಿಯುವದು ಸರಿಯಲ್ಲ. ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯವನ್ನು ತೆರೆದು ನೋಡಬೇಕು. ವೈದ್ಯನಾದವನು ವೈದ್ಯರೊಡನೆ ಸಂಭಾಷಣೆ ಮಾಡತಕ್ಕದ್ದೆಂದು ಅಲ್ಲಿ ವಿಧಿಸಿದೆ. ಅದರಿಂದ ಅರಿವು ಹೆಚ್ಚುವದು, ಮಾತಿನ ಶಕ್ತಿಯು ಬರುವದು, ಹಿಂದೆ ಕೇಳಿದುದರಲ್ಲಿ ಉಳಿದಿದ್ದ ಸಂದೇಹವು ತೊಲಗುವದು. ಇನ್ನೊಂದು ಲಾಭವನ್ನು ಹೇಳಿರುವದು ಬಹು ರಸವತ್ತಾಗಿದೆ. ಗುರುವು ಸೇವೆಗೆ ಮೆಚ್ಚಿ ಮೆಲ್ಲಮೆಲ್ಲನೆ ಗುಟ್ಟಾಗಿ ತಿಳಿಸಿಕೊಟ್ಟ ಅರ್ಥವನ್ನು ಶಿಷ್ಯನು ಗೆಲ್ಲಬೇಕೆಂಬ ಹುರುಪಿನಲ್ಲಿ ಒಂದೇ ಉಸಿರಿಗೆ ಹೊರಗೆಡಹಿಬಿಡುವನಂತೆ! ಇಂದಿನ ಸಮ್ಮೇಳನಗಳಲ್ಲಿಯೂ ಇನ್ನೂ ಅಚ್ಚಿಗೆ ಹೋಗದ ಫಲಿತಾಂಶಗಳು ಹೀಗೆಯೇ ಬಾಯಿಂದ ಜಾರುವವು. ಅಮೇರಿಕೆಯಲ್ಲಿ 1931ರಿಂದ ಬೆಳೆದು ಬಂದ ಗೋರ್ಡನ್ ಸಮ್ಮೇಳನಗಳಲ್ಲಿ ಇದಕ್ಕಾಗಿಯೇ ಒಂದು ಕಟ್ಟಳೆಯುಂಟು: ಅಲ್ಲಿ ಕೇಳಿದುದನ್ನು ಹೇಳಿದವರ ಒಪ್ಪಿಗೆಯಿಲ್ಲದೆ ಹೊರಗೆ ಉದಾಹರಿಸಕೂಡದು, ತೋರಿಸಿದ ಪಟಗಳ ಛಾಯಾಚಿತ್ರವನ್ನು ತೆಗೆಯಕೂಡದು. ಜೇಬಿನಲ್ಲಿಯೇ ಕ್ಯಾಮೆರಾ ಇರುವ ಈ ಕಾಲದಲ್ಲಿ ಅದನ್ನು ಪಾಲಿಸುವದಕ್ಕೆ ಹಿಂದಿಗಿಂತ ಹೆಚ್ಚಿನ ಸಂಯಮವು ಬೇಕು.

ಚರಕನು ಸಂಭಾಷಣೆಯನ್ನು ಎರಡು ಬಗೆಯಾಗಿ ವಿಂಗಡಿಸಿದ್ದಾನೆ. ಸ್ನೇಹದಿಂದ ಕೂಡಿ ಮಾಡುವದು ಸಂಧಾಯಸಂಭಾಷೆ, ವಿರೋಧ ಕಟ್ಟಿಕೊಂಡು ಮಾಡುವದು ವಿಗೃಹ್ಯಸಂಭಾಷೆ. ಮೊದಲನೆಯದರಲ್ಲಿ ಅಂಜದೆ ಹೇಳಬೇಕು, ಅಂಜದೆ ಕೇಳಬೇಕು, ಕೇಳಿದವರಿಗೆ ಬಿಡಿಸಿ ಹೇಳಬೇಕು. ಸೋಲಿನ ಭಯವೂ ಬೇಡ, ಗೆಲುವಿನ ಹಿಗ್ಗೂ ಬೇಡ. ಗೆದ್ದುದನ್ನು ನಾಲ್ವರ ಮುಂದೆ ಕೊಚ್ಚಿಕೊಳ್ಳಬಾರದು, ತಿಳಿಯದುದನ್ನು ತಿಳಿದಂತೆ ಆಡಬಾರದು. ಎರಡನೆಯದರ ವಿಷಯದಲ್ಲಿ ಅವನು ಲೋಕವನ್ನು ಕಂಡವನಂತೆ ನಿಷ್ಕಪಟವಾಗಿ ಬರೆದಿದ್ದಾನೆ. ಎದುರಾಳಿಯು ಓದು ಸಾಲದವನಾದರೆ ಉದ್ದುದ್ದ ಸೂತ್ರಗಳನ್ನು ಒಪ್ಪಿಸಿ ಅವನನ್ನು ಮುಳುಗಿಸಬಹುದು. ತಿಳಿವಳಿಕೆ ಸಾಲದವನಾದರೆ ಕಠಿಣಶಬ್ದಗಳಿಂದ ಕಂಗೆಡಿಸಬಹುದು. ಸೂತ್ರಗಳ ಜಾಗದಲ್ಲಿ ಗಣಿತದ ಸಮೀಕರಣಗಳನ್ನಿಟ್ಟರೆ ಈ ಉಪಾಯವು ಇಂದಿಗೂ ಹಳತಾಗಿಲ್ಲವೆಂದು ಸಮ್ಮೇಳನಗಳನ್ನು ಬಲ್ಲವರು ಒಪ್ಪುವರು.

ತರ್ಕವನ್ನು ಓದುವ ವಿದ್ಯಾರ್ಥಿಗಳಿಗೆ ವಾದ, ಜಲ್ಪ, ವಿತಂಡೆಗಳೆಂಬ ಮೂರು ಕಥೆಗಳು ಗೊತ್ತೇ ಇವೆ. ತತ್ತ್ವವನ್ನು ತಿಳಿಯಬೇಕೆಂಬವರದು ವಾದ. ಹೇಗಾದರೂ ಗೆಲ್ಲಬೇಕೆಂಬವರದು ಜಲ್ಪ. ತನ್ನದೊಂದು ಪಕ್ಷವನ್ನು ಸ್ಥಾಪಿಸದೆ ಬರಿದೆ ಪರರದನ್ನು ಕೆಡಹುವದು ವಿತಂಡೆ. ವಿಜ್ಞಾನಸಭೆಯೆಂಬದು ವಾದಕ್ಕಾಗಿ ಏರ್ಪಟ್ಟುದು. ಅದು ಜಲ್ಪಕ್ಕೆ ಇಳಿಯುವ ಕ್ಷಣವು ಹೊರಗಿನವರಿಗೆ ಕಾಣಿಸುವದಿಲ್ಲ. ಸಭೆಯು ಆಗ ನಗುತ್ತಿರುವದು.

ಮೊದಲು ಸಭೆಯು ಸಭೆಯಂತೆ ನಡೆದ ಒಂದು ಸಂದರ್ಭವನ್ನು ನೋಡೋಣ. 1927ನೆಯ ಇಸವಿಯ ಅಕ್ಟೋಬರದಲ್ಲಿ ಬೆಲ್ಜಿಯಂ ದೇಶದ ಬ್ರಸೆಲ್ಸ್ ಪಟ್ಟಣದಲ್ಲಿ ಸಾಲ್ವೇ ಸಮ್ಮೇಳನವು ಐದನೆಯ ಸಲ ಕೂಡಿತು. ಅಣುವಿನೊಳಗಿನ ವ್ಯಾಪಾರಗಳನ್ನು ಕುರಿತ ಹೊಸ ಸಿದ್ಧಾಂತವು ಅಲ್ಲಿ ಚರ್ಚೆಗೆ ಬಂದಿತ್ತು. ಹಾಲೆಂಡಿನ ವೃದ್ಧ ವಿಜ್ಞಾನಿ ಲೋರೆಂಟ್ಸ್‌ರು ಅಧ್ಯಕ್ಷರು. ಮೂರು ನಾಲ್ಕು ಭಾಷೆಗಳನ್ನು ಬಲ್ಲವರು, ಸಮಚಿತ್ತರು. ಒಮ್ಮೆ ಎಲ್ಲರೂ ತಮ್ಮ ತಮ್ಮ ಭಾಷೆಯಲ್ಲಿ ಒಟ್ಟಿಗೆ ಮಾತನಾಡತೊಡಗಿ ಗದ್ದಲವೆದ್ದಿತು. ಆಗ ಎರನ್‌ಫೆಸ್ಟ್ ಎಂಬ ವಿಜ್ಞಾನಿಯು ಎದ್ದು ಹೋಗಿ, ದೇವರು ಜನರ ಭಾಷೆಗಳನ್ನು ಕಲಸಿಬಿಟ್ಟನೆಂಬ ಬೈಬಲಿನ ಕಥೆಯನ್ನು ಕರಿಹಲಗೆಯ ಮೇಲೆ ಬರೆದು ಸೂಚಿಸಿದರಂತೆ. ಹಾಸ್ಯವು ಅಲ್ಲಿಯೂ ಇದ್ದಿತು. ಆದರೆ ಅದು ಎಲ್ಲರ ಮೇಲೂ ಸಮನಾಗಿ ಬಿದ್ದಿತು, ಯಾರೊಬ್ಬರನ್ನೂ ಚುಚ್ಚಲಿಲ್ಲ.

ಆ ಸಭೆಯ ದಿನಗಳಲ್ಲಿ ಐನ್‌ಸ್ಟೈನರು ಬೆಳಗಿನ ಉಪಾಹಾರದ ಹೊತ್ತಿಗೆ ಹೊಸ ಸಿದ್ಧಾಂತದ ಮೇಲೆ ಒಂದು ಆಕ್ಷೇಪವನ್ನು ಎತ್ತುವರು. ಡೆನ್ಮಾರ್ಕಿನ ನೀಲ್ಸ್ ಬೋರರು ಹಗಲೆಲ್ಲ ಚಿಂತಿಸಿ ರಾತ್ರಿಯೂಟದ ವೇಳೆಗೆ ಸಮಾಧಾನವನ್ನು ಹೇಳುವರು. 1930ರಲ್ಲಿ ಅದೇ ಸಮ್ಮೇಳನವು ಮತ್ತೆ ಸೇರಿದಾಗ ಐನ್‌ಸ್ಟೈನರು ಬೆಳಕನ್ನು ತುಂಬಿದ ಪೆಟ್ಟಿಗೆಯೊಂದನ್ನು ಕಲ್ಪಿಸಿ ಬಹು ದೊಡ್ಡ ತೊಡಕನ್ನು ಒಡ್ಡಿದರು. ಬೋರರಿಗೆ ಆ ಸಂಜೆ ನೆಮ್ಮದಿಯಿರಲಿಲ್ಲ. ಮರುದಿನ ಬೆಳಿಗ್ಗೆ ಅವರು ಉತ್ತರವನ್ನು ತಂದರು. ಆ ಉತ್ತರವು ಐನ್‌ಸ್ಟೈನರದೇ ಗುರುತ್ವಸಿದ್ಧಾಂತದಿಂದ ಕಡೆದು ತೆಗೆದುದಾಗಿದ್ದಿತು! ಐನ್‌ಸ್ಟೈನರು ಆ ಒಂದು ಆಕ್ಷೇಪವು ಪರಿಹಾರವಾಯಿತೆಂದು ಒಪ್ಪಿದರು, ತಮ್ಮ ಮೂಲ ಅಸಮಾಧಾನವನ್ನು ಮಾತ್ರ ಬಿಡಲಿಲ್ಲ. ಇಬ್ಬರೂ ಕೊನೆಯವರೆಗೆ ಒಮ್ಮತಕ್ಕೆ ಬರಲಿಲ್ಲ, ಒಬ್ಬರನ್ನೊಬ್ಬರು ಹೀಯಾಳಿಸಲೂ ಇಲ್ಲ. ಐನ್‌ಸ್ಟೈನರು 1955ರಲ್ಲಿ ತೀರಿಕೊಂಡರು. ಬೋರರು 1962ರ ನವೆಂಬರದಲ್ಲಿ ತೀರಿಕೊಂಡಾಗ ಅವರ ಕರಿಹಲಗೆಯ ಮೇಲೆ ಉಳಿದಿದ್ದ ಚಿತ್ರಗಳಲ್ಲಿ ಐನ್‌ಸ್ಟೈನರ ಆ ಪೆಟ್ಟಿಗೆಯದೂ ಒಂದು. ಪ್ರತಿಪಕ್ಷಿಯ ಪ್ರಶ್ನೆಯನ್ನು ಮೂವತ್ತೆರಡು ವರುಷ ಮನಸ್ಸಿನಲ್ಲಿಟ್ಟುಕೊಂಡು ಗೌರವಿಸಿದ ರೀತಿಯಿದು.

ಇನ್ನು ಸಭೆಯು ಕೆಟ್ಟ ಸಂದರ್ಭ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಏಕೆಂದರೆ ಅಲ್ಲಿ ನೊಂದವರು ನಮ್ಮ ದೇಶದವರು, ಮತ್ತು ನೋಯಿಸಿದವರು ದುರ್ಜನರಲ್ಲ.

ಸುಬ್ರಹ್ಮಣ್ಯನ್ ಚಂದ್ರಶೇಖರರು 1910ರಲ್ಲಿ ಲಾಹೋರದಲ್ಲಿ ಹುಟ್ಟಿದವರು, ಮದರಾಸಿನಲ್ಲಿ ಓದಿದವರು. ಬೆಂಗಳೂರಿನ ವಿಜ್ಞಾನಮಂದಿರಕ್ಕೆ 1933ರಲ್ಲಿ ನಿರ್ದೇಶಕರಾಗಿ ಬಂದ ಸರ್ ಸಿ. ವಿ. ರಾಮನ್‌ರು ಅವರ ಚಿಕ್ಕಪ್ಪಂದಿರು. 1930ರ ಬೇಸಿಗೆ ಕಳೆದು, ಹತ್ತೊಂಬತ್ತರ ವಯಸ್ಸಿನಲ್ಲಿ, ಅವರು ಮುಂಬಯಿಯಿಂದ ಹಡಗನ್ನೇರಿ ಇಂಗ್ಲಂಡಿಗೆ ಹೊರಟರು. ಆ ಹಡಗಿನ ಮೇಲೆಯೇ ಅವರು ಒಂದು ಲೆಕ್ಕವನ್ನು ಹಾಕಿದರು. ನಕ್ಷತ್ರದ ಉರುವಲು ತೀರಿದ ಬಳಿಕ ಅದು ತನ್ನ ಭಾರದಿಂದಲೇ ಕುಗ್ಗಿ, ಭೂಮಿಯಷ್ಟು ಗಾತ್ರದ ಶ್ವೇತಕುಬ್ಜವಾಗಿ ನಿಲ್ಲುವದು. ಒಳಗೆ ಇಕ್ಕಟ್ಟಿನಲ್ಲಿ ಸಿಕ್ಕಿದ ಇಲೆಕ್ಟ್ರಾನುಗಳ ಒತ್ತಡವು ಅದನ್ನು ಹಾಗೆ ತಡೆದು ಹಿಡಿದಿರುವದು. ಆದರೆ ನಕ್ಷತ್ರದ ತೂಕವು ಹೆಚ್ಚಿದಂತೆ ಆ ಕಣಗಳು ಬೆಳಕಿನ ವೇಗವನ್ನು ಸಮೀಪಿಸುವವು. ಆಗ ಸಾಪೇಕ್ಷತೆಯ ನಿಯಮಗಳನ್ನು ಸೇರಿಸಿ ಲೆಕ್ಕ ಹಾಕಿದರೆ ಆ ಒತ್ತಡಕ್ಕೆ ಒಂದು ಎಲ್ಲೆಯು ಕಂಡುಬರುವದು. ಇಂದು ಒಪ್ಪಿರುವ ಲೆಕ್ಕದಂತೆ ಸೂರ್ಯನ ತೂಕದ ಸುಮಾರು 1.44 ಪಾಲು ಆ ಎಲ್ಲೆ. ಅದನ್ನು ಮೀರಿದ ನಕ್ಷತ್ರವು ಶ್ವೇತಕುಬ್ಜವಾಗಿ ನಿಲ್ಲಲಾರದು, ಇನ್ನೂ ಕುಸಿಯುತ್ತಲೇ ಹೋಗುವದು.

ಕೇಂಬ್ರಿಜಿನಲ್ಲಿ ಆಗ ಖಗೋಳವಿದ್ಯೆಗೆ ಸರ್ ಆರ್ಥರ್ ಎಡ್ಡಿಂಗ್ಟನ್‌ರೇ ಹಿರಿಯರು. 1934ರ ಉತ್ತರಾರ್ಧದಲ್ಲಿ ಚಂದ್ರಶೇಖರರು ತಮ್ಮ ಲೆಕ್ಕವನ್ನು ಪರಿಷ್ಕರಿಸುತ್ತಿದ್ದಾಗ ಎಡ್ಡಿಂಗ್ಟನ್‌ರು ಆಗಾಗ ಅವರ ಕೊಠಡಿಗೆ ಬಂದು ಕೆಲಸವು ಎಲ್ಲಿಯವರೆಗೆ ಸಾಗಿತೆಂದು ವಿಚಾರಿಸುವರು. ಲೆಕ್ಕ ಹಾಕುವ ಯಂತ್ರವೊಂದನ್ನೂ ದೊರಕಿಸಿಕೊಟ್ಟರು. ಒಮ್ಮೆಯಾದರೂ ತಮಗೆ ಆ ಸಿದ್ಧಾಂತದ ಬುಡವೇ ಒಪ್ಪಿಗೆಯಿಲ್ಲವೆಂದು ಹೇಳಲಿಲ್ಲ.

1935ನೆಯ ಇಸವಿ ಜನೆವರಿ 11ರಂದು ಲಂಡನ್ನಿನ ರಾಯಲ್ ಖಗೋಳಸಂಘದ ಸಭೆ. ಹಿಂದಿನ ದಿನ ಕಾರ್ಯಕ್ರಮಪತ್ರಿಕೆಯು ಕೈಸೇರಿದಾಗ ಚಂದ್ರಶೇಖರರು ಬೆರಗಾದರು. ತಮ್ಮ ಪ್ರಬಂಧದ ಬೆನ್ನಿಗೇ ಅದೇ ವಿಷಯದ ಮೇಲೆ ಎಡ್ಡಿಂಗ್ಟನ್‌ರ ಪ್ರಬಂಧವಿದ್ದಿತು. ಆ ರಾತ್ರಿ ಊಟದ ಹೊತ್ತಿನಲ್ಲಿ ಇಬ್ಬರೂ ಕಂಡರು. ಚಂದ್ರಶೇಖರರಿಗೆ ಹೆಚ್ಚು ಸಮಯ ಬೇಕಾದೀತೆಂದು ಕಾರ್ಯದರ್ಶಿಗಳಿಗೆ ಹೇಳಿ ಅರ್ಧ ಗಂಟೆಯನ್ನು ಕೊಡಿಸಿರುವದಾಗಿ ಎಡ್ಡಿಂಗ್ಟನ್‌ರು ಉಪಕಾರಪೂರ್ವಕವಾಗಿ ತಿಳಿಸಿದರು. ತಾವು ಏನನ್ನು ಹೇಳುವರೆಂಬದನ್ನು ತಿಳಿಸಲಿಲ್ಲ. ಕಿರಿಯರು ಮರ್ಯಾದೆಯಿಂದ ಕೇಳಲೂ ಇಲ್ಲ. ಮರುದಿನ ಸಭೆಗೆ ಮುಂಚಿನ ಚಹದ ವೇಳೆಯಲ್ಲಿ ಜೊತೆಗಿದ್ದವರೊಬ್ಬರು ಎಡ್ಡಿಂಗ್ಟನ್‌ರನ್ನು ಆ ವಿಷಯವಾಗಿ ಕೇಳಲು, ಅವರು ಚಂದ್ರಶೇಖರರ ಕಡೆಗೆ ತಿರುಗಿ ಅದು ನಿಮಗೊಂದು ಅಚ್ಚರಿ ಎಂದು ಹೇಳಿ ಮುಂದೆ ಸಾಗಿದರು.

ಇಪ್ಪತ್ತನಾಲ್ಕರ ತರುಣರು ತಮ್ಮ ಪ್ರಬಂಧವನ್ನು ಮಂಡಿಸಿದರು. ಬಳಿಕ ಎಡ್ಡಿಂಗ್ಟನ್‌ರು ಎದ್ದರು. ಈ ಸಭೆಯಿಂದ ಜೀವಸಹಿತ ಪಾರಾಗುವೆನೋ ಇಲ್ಲವೋ ತಿಳಿಯದೆಂದು ಆರಂಭಿಸಿ ಜನರನ್ನು ನಗಿಸಿದರು. ಚಂದ್ರಶೇಖರರ ಲೆಕ್ಕದಂತೆ ನಕ್ಷತ್ರವು ಕುಸಿಯುತ್ತಲೇ ಹೋಗಬೇಕಾಗುವದು. ಇಂಥ ಅಸಂಬದ್ಧ ನಡತೆಯಿಂದ ನಕ್ಷತ್ರವನ್ನು ತಡೆಯುವದಕ್ಕೆ ಪ್ರಕೃತಿಯಲ್ಲಿ ಒಂದು ಕಾನೂನು ಇರಲೇಬೇಕೆಂದರು. ಸಾಪೇಕ್ಷತೆಯನ್ನೂ ಅಣುಸಿದ್ಧಾಂತವನ್ನೂ ಹೀಗೆ ಗಂಟುಹಾಕಿದರೆ ಹುಟ್ಟುವ ಸಂತಾನವನ್ನು ಧರ್ಮವಿವಾಹದ ಸಂತಾನವೆಂದು ತಾವು ಎಣಿಸಲಾರೆವೆಂಬ ಅಭಿಪ್ರಾಯದ ಮಾತನ್ನೂ ಆಡಿದರು. ಸಭೆಯು ಮತ್ತೆ ಮತ್ತೆ ನಕ್ಕಿತು. ಈ ವಾದಗಳನ್ನು ಚೆನ್ನಾಗಿ ತೂಗಿ ನೋಡಿದ ಹೊರತು ಚರ್ಚಿಸಲಾಗದೆಂದು ಅಧ್ಯಕ್ಷರು ಹೇಳಿ, ವಂದನೆಗಳನ್ನು ಸಲ್ಲಿಸಿ, ಮುಂದಿನವರನ್ನು ಕರೆದರು. ಚಂದ್ರಶೇಖರರಿಗೆ ಉತ್ತರ ಹೇಳುವ ಅವಕಾಶವೇ ದೊರೆಯಲಿಲ್ಲ. ಸಭೆ ಮುಗಿದ ಮೇಲೆ ಒಬ್ಬೊಬ್ಬರಾಗಿ ಬಂದು, ಪಾಪ, ಹೀಗಾಯಿತಲ್ಲ ಎಂದು ಮರುಕಪಟ್ಟರು. ಅವರೆಲ್ಲರ ಮನಸ್ಸಿನಲ್ಲಿ ತರುಣರು ಸೋತಂತೆಯೇ ಆಗಿದ್ದಿತು. ಆ ರಾತ್ರಿ ಕೇಂಬ್ರಿಜಿಗೆ ಮರಳಿ, ಜನರಿಲ್ಲದ ಕೋಣೆಯಲ್ಲಿ ಇನ್ನೂ ಉರಿಯುತ್ತಿದ್ದ ಬೆಂಕಿಯ ಮುಂದೆ ಅವರು ಒಬ್ಬರೇ ನಿಂತಿದ್ದರು.

ಇಲ್ಲಿ ತಪ್ಪಿದುದು ಯಾವುದು? ಎಡ್ಡಿಂಗ್ಟನ್‌ರು ವಿರೋಧಿಸಿದುದು ತಪ್ಪಲ್ಲ. ವಿರೋಧವಿಲ್ಲದ ವಿದ್ವತ್ಸಭೆಯು ಮದುವೆಯ ಬೀಗರ ಕೂಟದಂತೆ, ಊಟಕ್ಕೆ ಮಾತ್ರ ಒಳ್ಳೆಯದು. ಅವರ ಪಕ್ಷವು ಕಡೆಗೆ ತಪ್ಪೆಂದು ಗೊತ್ತಾದುದೂ ದೋಷವಲ್ಲ. ವಿಜ್ಞಾನದಲ್ಲಿ ತಪ್ಪದವರು ಯಾರು? ತಿಂಗಳುಗಟ್ಟಲೆ ಕೊಠಡಿಗೆ ಬಂದು ಹೋಗುತ್ತ ಆಕ್ಷೇಪವನ್ನು ಬಚ್ಚಿಟ್ಟುಕೊಂಡು, ಸಭೆಯ ನಡುವೆ ಅದನ್ನು ಹೊರತೆಗೆದುದು ದೋಷ. ಹೇತುವನ್ನು ಹೇಳಬೇಕಾದೆಡೆಯಲ್ಲಿ ಹಾಸ್ಯವನ್ನಿಟ್ಟುದು ಅದಕ್ಕಿಂತಲೂ ದೊಡ್ಡ ದೋಷ. ನಗೆಗೆ ಪ್ರತಿಹೇತುವಿಲ್ಲ, ಎಂಥ ತಾರ್ಕಿಕನೂ ಅದನ್ನು ಖಂಡಿಸಲಾರನು. ಅದರಲ್ಲಿಯೂ ಹಿರಿಯರ ಹಾಸ್ಯಕ್ಕೆ ಸಭೆಯು ಅರ್ಥವಾಗುವ ಮೊದಲೇ ನಗುವದು. ಇನ್ನು ಅಧ್ಯಕ್ಷರ ವಿಷಯ. ವಾದಗಳನ್ನು ತೂಗಿ ನೋಡಬೇಕೆಂದ ಅವರ ಮಾತು ಸರಿಯೇ. ಆದರೆ ಒಬ್ಬರ ಮೇಲೆ ನೇರವಾಗಿ ಆಕ್ಷೇಪ ಬಂದ ಬಳಿಕ ಅವರಿಗೆ ಎರಡು ನಿಮಿಷವಾದರೂ ಕೊಡದೆ ವಿಷಯವನ್ನು ಮುಚ್ಚಿದರೆ ತಕ್ಕಡಿಯ ಒಂದು ತಟ್ಟೆಯು ಬರಿದಾಗಿಯೇ ಉಳಿಯುವದು.

ಅದೇ ವರುಷ ಪ್ಯಾರಿಸಿನಲ್ಲಿ ಅಂತರರಾಷ್ಟ್ರೀಯ ಖಗೋಳಸಂಘವು ಸೇರಿದಾಗ ಈ ಅನ್ಯಾಯವು ಮರುಕಳಿಸಿತು. ಎಡ್ಡಿಂಗ್ಟನ್‌ರು ಅಲ್ಲಿಯೂ ದೀರ್ಘವಾಗಿ ಮಾತನಾಡಿದರು. ಅಮೇರಿಕೆಯ ಹೆಸರಾಂತ ಖಗೋಳಜ್ಞರಾದ ರಸೆಲ್‌ರು ಅಧ್ಯಕ್ಷಸ್ಥಾನದಲ್ಲಿದ್ದರು. ಎಡ್ಡಿಂಗ್ಟನ್‌ರ ಈ ಮತವನ್ನು ತಾವು ನಂಬುವದಿಲ್ಲವೆಂದು ಖಾಸಗಿಯಾಗಿ ಹೇಳಿದ್ದವರೂ ಅವರೇ. ಉತ್ತರ ಹೇಳಲು ಅಪ್ಪಣೆ ಬೇಡಿ ಚಂದ್ರಶೇಖರರು ಒಂದು ಚೀಟಿಯನ್ನು ಕಳಿಸಿದರು. ಹೇಳದಿರುವದೇ ಒಳಿತೆಂಬ ಚೀಟಿಯು ತಿರುಗಿ ಬಂದಿತು.

ಬೋರರೂ ಅವರ ಜೊತೆಗಾರ ರೋಸೆನ್‌ಫೆಲ್ಡರೂ ಪತ್ರಮುಖದಿಂದ ಕೇಳಿದಾಗ ಎಡ್ಡಿಂಗ್ಟನ್‌ರ ವಾದದಲ್ಲಿ ಹುರುಳಿಲ್ಲವೆಂದು ತಿಳಿಸಿದರು. ಪೌಲಿಯವರ ಅಭಿಪ್ರಾಯವೂ ಅದೇ ಆಗಿದ್ದಿತು. ಆದರೆ ಯಾರೊಬ್ಬರೂ ಅದನ್ನು ಬಹಿರಂಗವಾಗಿ ಬರೆದುಕೊಡಲಿಲ್ಲ. ಡಿರಾಕ್ ಮೊದಲಾದ ಮೂವರು ಸೇರಿ ಆ ವಾದದ ದೋಷವನ್ನು ಅಚ್ಚಿನಲ್ಲಿ ತೋರಿಸಿದುದು 1942ರಲ್ಲಿ. ಅಷ್ಟರಲ್ಲಿ ಏಳು ವರುಷಗಳು ಕಳೆದುಹೋಗಿದ್ದವು. ಭಾರತದ ದ್ಯೂತಸಭೆಯ ಕಥೆಯನ್ನು ಕೇಳಿದವರಿಗೆ ಈ ಮೌನವು ಅಪರಿಚಿತವಲ್ಲ. ಅಲ್ಲಿ ಧರ್ಮಸೂಕ್ಷ್ಮವನ್ನು ಬಲ್ಲ ಹಿರಿಯರು ತಲೆತಗ್ಗಿಸಿ ಕುಳಿತಿದ್ದರು. ಕೌರವರಲ್ಲಿಯೇ ಕಿರಿಯನಾದ ವಿಕರ್ಣನು ಎದ್ದು ಮಾತನಾಡಿದನು. ಲಂಡನ್ನಿನಲ್ಲಿ ವಿಕರ್ಣನೂ ಇರಲಿಲ್ಲ. ನಕ್ಕವರಿಗಿಂತಲೂ, ನಿಜವನ್ನು ತಿಳಿದು ಕಿವಿಯಲ್ಲಿ ಮಾತ್ರ ಹೇಳಿದವರ ಪಾಲಿನ ತಪ್ಪು ಹೆಚ್ಚಿನದೆಂದರೆ ಕಠೋರವಾಗಲಾರದು.

ಎಡ್ಡಿಂಗ್ಟನ್‌ರ ಗುಣವನ್ನೂ ಇಲ್ಲಿ ಹೇಳದಿದ್ದರೆ ಅದೂ ಸಭಾಮರ್ಯಾದೆಗೆ ಒಪ್ಪದು. ಮೊದಲನೆಯ ಮಹಾಯುದ್ಧದಲ್ಲಿ ಇಂಗ್ಲಂಡಿನ ಜನರು ಜರ್ಮನಿಯ ಹೆಸರೆತ್ತಿದರೆ ಸಿಡಿಯುತ್ತಿದ್ದ ಕಾಲದಲ್ಲಿ, ಬರ್ಲಿನಿನಲ್ಲಿದ್ದ ಐನ್‌ಸ್ಟೈನರ ಸಿದ್ಧಾಂತವನ್ನು ಅವರು ಅಲ್ಲಿ ಪ್ರಚುರಪಡಿಸಿದರು. 1919ರ ಮೇ 29ರ ಸೂರ್ಯಗ್ರಹಣವನ್ನು ಆಫ್ರಿಕೆಯ ಪಡುವಣಕ್ಕಿರುವ ಪ್ರಿನ್ಸಿಪೆ ದ್ವೀಪದಿಂದ ನೋಡಿ ಆ ಸಿದ್ಧಾಂತಕ್ಕೆ ಪ್ರಮಾಣವನ್ನು ತಂದವರಲ್ಲಿ ಅವರೊಬ್ಬರು. ಶತ್ರುರಾಷ್ಟ್ರದ ವಿದ್ವಾಂಸನಿಗೆ ನ್ಯಾಯವನ್ನು ದೊರಕಿಸಿದ ಕೈಯೇ ನೆರೆಕೊಠಡಿಯ ತರುಣನಿಗೆ ಅದನ್ನು ತಪ್ಪಿಸಿತು. ಭಾರತೀಯನೆಂಬ ತಾತ್ಸಾರವೇ ಇದಕ್ಕೆ ಕಾರಣವೆಂದು ಕೆಲವರು ಬರೆದಿರುವರು; ಎಡ್ಡಿಂಗ್ಟನ್‌ರು ತಮ್ಮ ದೇಶದವರೇ ಆದ ಜೀನ್ಸ್, ಮಿಲ್ನ್ ಇವರನ್ನೂ ಅದೇ ಸಭೆಯಲ್ಲಿ ಹರಿತವಾದ ಮಾತುಗಳಿಂದ ತಿವಿದವರೆಂಬದನ್ನೂ ಜೊತೆಗೆ ನೆನೆಯಬೇಕು. ಬಹುಕಾಲ ಚಪ್ಪಾಳೆಗಳನ್ನು ಕೇಳಿದ ಕಿವಿಗೆ ಎದುರುಮಾತು ಕೇಳಿಸದಂತಾಗುವದೆಂಬದೇ ಹೆಚ್ಚು ಯುಕ್ತವಾಗಿ ಕಾಣುವದು.

ಚಂದ್ರಶೇಖರರು ಏನು ಮಾಡಿದರು? ಅವರು ಬೈಗುಳಕ್ಕೆ ಬೈಗುಳವನ್ನು ಹುಡುಕಲಿಲ್ಲ. ಅದೇ 1935ರಲ್ಲಿ ಮೊಲರ್ ಎಂಬ ಡೆನ್ಮಾರ್ಕಿನ ವಿದ್ವಾಂಸರೊಡನೆ ಸೇರಿ, ಆಕ್ಷೇಪಕ್ಕೆ ಗಣಿತದಲ್ಲಿಯೇ ಉತ್ತರವನ್ನು ಬರೆದು ಅಚ್ಚುಮಾಡಿಸಿದರು. 1937ರಲ್ಲಿ ಅಮೇರಿಕೆಯ ಯರ್ಕ್ಸ್ ವೀಕ್ಷಣಾಲಯಕ್ಕೆ ಹೋದರು. 1939ರಲ್ಲಿ ತಮ್ಮ ಸಿದ್ಧಾಂತವನ್ನೆಲ್ಲ ಒಂದು ಗ್ರಂಥದಲ್ಲಿ ಅಡಕಮಾಡಿ, ಆ ವಿಷಯವನ್ನು ಅಲ್ಲಿಗೆ ಬಿಟ್ಟು ಬೇರೊಂದಕ್ಕೆ ತೊಡಗಿದರು. ಕುಸಿಯುವ ನಕ್ಷತ್ರಗಳ ವಿಚಾರವು ಬಹುಜನರ ಗಮನಕ್ಕೆ ಬಂದುದು ದಶಕಗಳು ಕಳೆದ ಮೇಲೆ. ಇದಕ್ಕೆಲ್ಲ ಒಂದು ಸಂಜೆಯ ನಗೆಯೇ ಕಾರಣವೆಂದರೆ ಅತಿಶಯೋಕ್ತಿಯಾದೀತು. ಆದರೂ ಆ ದಾರಿಯಲ್ಲಿ ಕಾಲಿಡಬೇಕೆಂದಿದ್ದ ಎಷ್ಟು ಮಂದಿ ತರುಣರು ಆ ನಗೆಯನ್ನು ನೆನೆದು ಹಿಂದೆಗೆದರೆಂಬದನ್ನು ಯಾರು ಎಣಿಸಬಲ್ಲರು? 1983ರಲ್ಲಿ ಚಂದ್ರಶೇಖರರಿಗೆ ನೊಬೆಲ್ ಪಾರಿತೋಷಕವು ಬಂದಿತು. ಆಗ ಅವರಿಗೆ ಎಪ್ಪತ್ತಮೂರು ವರುಷ. ಲಡಾಖಿನ ಹಾನ್ಲೆಯೆಂಬ ಎತ್ತರದ ಸ್ಥಳದಲ್ಲಿರುವ ದೂರದರ್ಶಕಕ್ಕೆ ಈಗ ಅವರ ಹೆಸರಿದೆ. ಅದನ್ನು ನಡೆಸುವವರು ನಮ್ಮ ಬೆಂಗಳೂರಿನ ಮಗ್ಗುಲಿನ ಹೊಸಕೋಟೆಯಲ್ಲಿ ಕುಳಿತಿರುವರು.

ಒಬ್ಬ ಹಿರಿಯರ ಒಂದು ಮಾತಿನಿಂದ ಸಭೆಯ ರೀತಿಯೇ ಬದಲಾಗಬಹುದೆಂಬದಕ್ಕೂ ನಿದರ್ಶನವುಂಟು. 1950ರ ಡಿಸೆಂಬರದಲ್ಲಿ ಅಮೇರಿಕೆಯ ಖಗೋಳಸಂಘದ ಸಭೆಯಲ್ಲಿ ವೆರಾ ರೂಬಿನ್ ಎಂಬ ಇಪ್ಪತ್ತೆರಡು ವರುಷದ ಹೆಣ್ಣುಮಗಳು ಪ್ರಬಂಧವನ್ನು ಓದಿದರು. ಮೊದಲನೆಯ ಮಗುವನ್ನು ಹೆತ್ತು ಕೆಲವೇ ವಾರಗಳಾಗಿದ್ದವು; ಸಭೆಯಲ್ಲಿ ಅವರಿಗೆ ಪರಿಚಿತರಾದವರು ಯಾರೂ ಇರಲಿಲ್ಲ. ಒಬ್ಬರಾದ ಮೇಲೊಬ್ಬರು ಎದ್ದು ಕಟುವಾಗಿ ಖಂಡಿಸಿದರು. ಆಗ ಮಾರ್ಟಿನ್ ಶ್ವಾರ್ಟ್ಸ್‌ಶಿಲ್ಡ್ ಎಂಬವರು ಎದ್ದು, ಕೈಕೊಂಡ ಪ್ರಯತ್ನವು ಸ್ವಾರಸ್ಯವುಳ್ಳದ್ದೆಂದು ವಿದ್ಯಾರ್ಥಿಗೆ ಹೇಳುವಂತೆ ಸೌಮ್ಯವಾಗಿ ನುಡಿದರು. ಪ್ರಬಂಧದ ನಿರ್ಣಯವೇನೋ ಆ ರೂಪದಲ್ಲಿ ನಿಲ್ಲಲಿಲ್ಲ. ಆದರೆ ಅದನ್ನು ಓದಿದವರು ವಿದ್ಯೆಯನ್ನು ಬಿಟ್ಟು ಹೋಗಲಿಲ್ಲ. 1970ರ ದಶಕದಲ್ಲಿ ಗೆಲಾಕ್ಸಿಗಳ ಹೊರಗಿನ ನಕ್ಷತ್ರಗಳ ವೇಗವನ್ನಳೆದು, ಕಣ್ಣಿಗೆ ಕಾಣದ ದ್ರವ್ಯವೊಂದು ವಿಶ್ವದಲ್ಲಿರಬೇಕೆಂಬ ವಿಚಾರವನ್ನು ಗಟ್ಟಿಗೊಳಿಸಿದವರಲ್ಲಿ ಅವರೇ ಮುಖ್ಯರು. ಒಳ್ಳೆಯ ಮಾತಿಗೆ ಪ್ರಬಂಧವು ಸರಿಯಾಗಿರಲೇಬೇಕೆಂಬ ನಿಬಂಧನೆಯಿಲ್ಲ.

ಈಚಿನ ವರುಷಗಳಲ್ಲಿ ಅನೇಕ ವಿದ್ವತ್ಸಂಘಗಳು ನಡತೆಯ ನಿಯಮಗಳನ್ನು ಬರೆದಿಟ್ಟು, ಸಮ್ಮೇಳನಕ್ಕೆ ಬರುವವರೆಲ್ಲ ಅವನ್ನು ಒಪ್ಪಿಯೇ ಹೆಸರು ನೋಂದಿಸಬೇಕೆಂದು ವಿಧಿಸಿವೆ. ಸ್ತ್ರೀಯರನ್ನಾಗಲಿ ಅನ್ಯಜನಾಂಗದವರನ್ನಾಗಲಿ ಅಂಗವಿಕಲರನ್ನಾಗಲಿ ಅವಮಾನಿಸಕೂಡದು, ತರುಣಿಯರನ್ನು ಪೀಡಿಸಕೂಡದು, ದೂರು ಕೊಟ್ಟವರ ಮೇಲೆ ಹಗೆ ಸಾಧಿಸಕೂಡದು, ತಪ್ಪಿದವರನ್ನು ಸಭೆಯಿಂದ ಹೊರಗೆ ಕಳುಹಬಹುದು. ಇದನ್ನೆಲ್ಲ ಬರೆಯಬೇಕಾಗಿ ಬಂದುದೇ ನಾಚಿಕೆಯ ವಿಷಯವೆಂದು ಕೆಲವು ಹಿರಿಯರು ಮುಖ ತಿರುಗಿಸುವರು. ಬಾಗಿಲಿಗೆ ಅಗುಳಿಯಿರುವದು ಮನೆಯವರೆಲ್ಲ ಕಳ್ಳರೆಂದಲ್ಲವಷ್ಟೆ.

ನಿಯಮದಲ್ಲಿ ಬರೆಯಲಾಗದ ಚಿಕ್ಕ ವಿಷಯಗಳು ಬೇರೆ ಇವೆ. ಹದಿನ್ಯೆದು ನಿಮಿಷವನ್ನು ಕೊಟ್ಟಲ್ಲಿ ಇಪ್ಪತ್ತೈದು ಮಾತನಾಡುವವರು ಮುಂದಿನವರ ಹತ್ತು ನಿಮಿಷಗಳನ್ನು ಅಪಹರಿಸುವರು. ದೊಡ್ಡವರು ಮಾಡಿದರೆಂಬ ಮಾತ್ರಕ್ಕೆ ಅದು ದಾನವಾಗುವದಿಲ್ಲ. ಪ್ರಶ್ನೆ ಕೇಳುವೆನೆಂದು ಎದ್ದು ತಮ್ಮದೇ ಉಪನ್ಯಾಸವನ್ನು ಕೊಡುವವರು ಎಲ್ಲ ದೇಶಗಳಲ್ಲಿಯೂ ಇರುವರು. ಜೊತೆಯಲ್ಲಿ ದುಡಿದ ಶಿಷ್ಯನ ಹೆಸರನ್ನು ನುಂಗಿಬಿಡುವದು ಇನ್ನೂ ಹೆಚ್ಚಿನ ಪಾಪವು. ಹಳ್ಳಿಯ ಶಾಲೆಯಲ್ಲಿ ಕನ್ನಡದಲ್ಲಿಯೇ ಓದಿ ಮೇಲೆ ಬಂದ ಹುಡುಗನೋ ಹುಡುಗಿಯೋ ತಡವರಿಸುವ ಇಂಗ್ಲಿಷಿನಲ್ಲಿ ತನ್ನ ಕೆಲಸವನ್ನು ಹೇಳುವಾಗ ಉಚ್ಚಾರಕ್ಕೆ ಮುಗುಳ್ನಗುವವರು ನಮ್ಮ ದೇಶದ ಸಭೆಗಳಲ್ಲಿಯೇ ಹೆಚ್ಚೆಂಬದು ದುಃಖದ ಸಂಗತಿ. ಬ್ರಸೆಲ್ಸಿನಲ್ಲಿ ಪ್ರತಿಯೊಬ್ಬರೂ ಮತ್ತೊಬ್ಬರ ಭಾಷೆಯನ್ನು ಮುರಿದು ಮುರಿದು ಆಡಿದವರೇ. ಕೇಳುವವರು ಲೆಕ್ಕವನ್ನು ನೋಡಬೇಕು, ಉಚ್ಚಾರವನ್ನಲ್ಲ. ಹೇಳುವವರೂ ಅಷ್ಟೆ, ತಿಳಿಯದ ಪ್ರಶ್ನೆ ಬಂದರೆ ತಿಳಿಯದೆಂದು ಹೇಳಿ, ಬರೆದುಕೊಂಡು ಹೋಗಿ, ಮುಂದೆ ಪತ್ರಮುಖದಿಂದ ಉತ್ತರವನ್ನು ಕಳಿಸಿದರೆ ಅವರ ಮಾನವು ಕುಂದಲಾರದು.

ಚಂದ್ರಶೇಖರರ ಕಥೆಯಲ್ಲಿ ಒಂದು ಭಾಗವು ಉಳಿದಿದೆ. ಅಷ್ಟೆಲ್ಲ ನಡೆದರೂ ಆ ಇಬ್ಬರ ಸ್ನೇಹವು ಕಡಿಯಲಿಲ್ಲ. 1939ರಲ್ಲಿ ಪ್ಯಾರಿಸಿನಲ್ಲಿ ಶ್ವೇತಕುಬ್ಜಗಳನ್ನು ಕುರಿತ ಸಮ್ಮೇಳನದಲ್ಲಿ ಅವರು ಮತ್ತೆ ಎದುರುಬದರಾದರು, ಬೆಳಿಗ್ಗೆ ಮಾತಿಗೆ ಮಾತು ಬೆಳೆಯಿತು. ಊಟವಾದ ಮೇಲೆ ಎಡ್ಡಿಂಗ್ಟನ್‌ರು ತಾವಾಗಿಯೇ ಬಂದು, ಮನಸ್ಸಿಗೆ ನೋವಾಗಿದ್ದರೆ ವಿಷಾದಿಸುವೆನೆಂದರು. ತಮ್ಮ ಅಭಿಪ್ರಾಯವೇನಾದರೂ ಬದಲಾಯಿತೇ ಎಂದು ಚಂದ್ರಶೇಖರರು ಕೇಳಿದರು. ಇಲ್ಲವೆಂಬ ಉತ್ತರವು ಬಂದಿತು. ಹಾಗಾದರೆ ವಿಷಾದವೇತಕ್ಕೆ ಎಂದು ಹೇಳಿ ಅವರು ಅಲ್ಲಿಂದ ಹೊರಟುಬಿಟ್ಟರು. ಸ್ವಲ್ಪ ದಿನಗಳಲ್ಲಿ ಎರಡನೆಯ ಮಹಾಯುದ್ಧವು ಆರಂಭವಾಯಿತು. ಅವರಿಬ್ಬರೂ ಮತ್ತೆ ಮುಖಾಮುಖಿಯಾಗಿ ಕಾಣಲಿಲ್ಲ. ನಾಲ್ಕು ವರುಷ ನುಂಗಿಕೊಂಡ ಅವಮಾನಕ್ಕಿಂತಲೂ ಆ ಒಂದು ನಿಮಿಷದ ಬಿರುಸು ಚಂದ್ರಶೇಖರರನ್ನು ಹೆಚ್ಚು ಬಾಧಿಸಿದಂತೆ ತೋರುವದು; ಮುಂದೆ ಅದನ್ನು ಹೇಳಿಕೊಂಡಾಗಲೆಲ್ಲ ಹಾಗೆ ಆಡಬಾರದಿತ್ತೆಂದು ಪಶ್ಚಾತ್ತಾಪಪಟ್ಟಿರುವರು.

ಯುದ್ಧಕಾಲದಲ್ಲಿ ಪತ್ರಗಳು ಮಾತ್ರ ಬರುತ್ತಿದ್ದವು. ಎಡ್ಡಿಂಗ್ಟನ್‌ರಿಗೆ ಸೈಕಲಿನ ಮೇಲೆ ದೂರದೂರ ತಿರುಗುವ ಹವ್ಯಾಸವಿದ್ದಿತು. ಎಷ್ಟು ಮೈಲುಗಳನ್ನು ಅಷ್ಟೇ ಸಂಖ್ಯೆಯ ದಿನಗಳಲ್ಲಿ ದಾಟಿರುವೆನೆಂಬ ಒಂದು ಲೆಕ್ಕವನ್ನು ಅವರು ಇಟ್ಟಿದ್ದರು. ಅದು ಈಗ 77ಕ್ಕೆ ಬಂದಿತೆಂದು, ಅಂದರೆ 77 ಮೈಲುಗಳಿಗೆ ಕಡಿಮೆಯಿಲ್ಲದೆ 77 ದಿನಗಳಲ್ಲಿ ತುಳಿದಿರುವೆನೆಂದು, ಒಂದು ಪತ್ರದಲ್ಲಿ ಚಂದ್ರಶೇಖರರಿಗೆ ಬರೆದರು. 1944ರ ನವೆಂಬರ 22ರಂದು ಅವರು ತೀರಿಕೊಂಡರು. ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಶ್ರದ್ಧಾಂಜಲಿಯ ಭಾಷಣವನ್ನು ಮಾಡಿದವರು ಚಂದ್ರಶೇಖರರು. 1982ರಲ್ಲಿ ಎಡ್ಡಿಂಗ್ಟನ್‌ರ ಜನ್ಮಶತಾಬ್ದಿ ಬಂದಾಗ ಕೇಂಬ್ರಿಜಿನ ಅದೇ ಟ್ರಿನಿಟಿ ಕಾಲೇಜಿನವರು ಚಂದ್ರಶೇಖರರನ್ನೇ ಕರೆಯಿಸಿದರು. ಅವರು ಹೋಗಿ ಎರಡು ಉಪನ್ಯಾಸಗಳನ್ನು ಕೊಟ್ಟರು. ಅವು ಮರುವರುಷ ಪುಸ್ತಕವಾಗಿ ಹೊರಬಂದವು. ತಮ್ಮ ಕಾಲದ ಖಭೌತಶಾಸ್ತ್ರಜ್ಞರಲ್ಲಿ ಅಗ್ರಗಣ್ಯರೆಂಬ ವಿಶೇಷಣವನ್ನು ಎಡ್ಡಿಂಗ್ಟನ್‌ರ ಹೆಸರಿನ ಜೊತೆಗೆ ಆ ಪುಸ್ತಕದ ಶಿರೋನಾಮೆಯಲ್ಲಿಯೇ ಇಟ್ಟಿದ್ದಾರೆ.